ಗೃಹಸ್ಥರೊಡನೆ ಎರಡು ಮಾತು: ಮುಳ್ಳು ಮೊದಲೋ, ಯಂತ್ರ ಮೊದಲೋ?

ದಾವಣಗೆರೆಯ ವಾಚಕ ಮಹಾಶಯರೊಬ್ಬರು ಬರೆದ ಕಾಗದವೊಂದು ಎರಡು ತಿಂಗಳಿಂದಲೂ ನನ್ನ ಮೇಜಿನ ಮೇಲಿದೆ. ಅವರ ಮನೆಯಲ್ಲಿ ಮೂವತ್ತೈದು ವರ್ಷದ ಹಿಂದೆ ಕೊಂಡ ಸ್ಟೀರಿಯೋ ಒಂದು ಇರುವುದಂತೆ. ತೀರ್ಥರೂಪರವರು ಕೂಡಿಟ್ಟ ಇನ್ನೂರರಷ್ಟು ಗ್ರಾಮಫೋನು ತಟ್ಟೆಗಳೂ ಇರುವುವಂತೆ. ಧ್ವನಿಯು ಈಚೆಗೆ ಮಂಕಾದಂತೆ ತೋರುವುದರಿಂದ, ಎಲ್ಲವನ್ನೂ ತೆಗೆದುಹಾಕಿ ಹೊಸ ಸಲಕರಣೆಯನ್ನು ತರಬೇಕೆಂದು ಮಕ್ಕಳು ಹೇಳುವರು. ಇರುವುದರಲ್ಲಿಯೇ ಸಾಗಿಸಬೇಕೆಂದು ಮನೆಯವರು ಹೇಳುವರು. ಈ ಎರಡರಲ್ಲಿ ವಿವೇಕವು ಯಾವುದೆಂಬುದನ್ನು ಈ ಪುಟದಲ್ಲಿ ತಿಳಿಸಬೇಕೆಂದು ಅವರ ಅಪೇಕ್ಷೆ.

ಉತ್ತರವು ತಡವಾದುದಕ್ಕೆ ಅವರ ಕ್ಷಮೆಯನ್ನು ಬೇಡುತ್ತೇನೆ. ಇದಕ್ಕೆ ಕಾರಣ ಸೋಮಾರಿತನವಲ್ಲ. ಅದೇ ಪ್ರಶ್ನೆಯು ಅದೇ ಹೊತ್ತಿಗೆ ನಮ್ಮ ಮನೆಯಲ್ಲಿಯೂ ಎದ್ದಿದ್ದಿತು. ಇನ್ನೊಬ್ಬರಿಗೆ ಬುದ್ಧಿ ಹೇಳುವುದಕ್ಕೆ ಮೊದಲು ನನ್ನ ಮನೆಯ ಲೆಕ್ಕವನ್ನು ನಾನು ತೀರಿಸಿಕೊಳ್ಳಬೇಕಾಗಿತ್ತು. ಅದು ಈಗ ತೀರಿದೆ. ತೀರಿದ ಬಗೆಯು ನನ್ನ ಜಾಣತನಕ್ಕೆ ಕೀರ್ತಿ ತರುವಂಥದಲ್ಲ. ಆದರೂ ಇನ್ನೊಬ್ಬ ಗೃಹಸ್ಥನ ಹಣವೂ, ಹಣಕ್ಕಿಂತ ಹೆಚ್ಚಿನದೊಂದು ವಸ್ತುವೂ ಇದರಿಂದ ಉಳಿಯುವುದಾದರೆ ಹೇಳಿಕೊಳ್ಳುವುದಕ್ಕೆ ಸಂಕೋಚವೇಕೆ?

ನಮ್ಮ ಮನೆಯ ಸಲಕರಣೆಯು 1986ರಲ್ಲಿ, ಮಗನು ಹುಟ್ಟಿದ ವರ್ಷ, ಕೊಂಡುದು. ತಟ್ಟೆಯನ್ನು ತಿರುಗಿಸುವ ಟರ್ನ್‌ಟೇಬಲ್, ಧ್ವನಿಯನ್ನು ವರ್ಧಿಸುವ ಆಂಪ್ಲಿಫೈಯರು, ಎರಡು ಮರದ ಪೆಟ್ಟಿಗೆಗಳಲ್ಲಿ ಎರಡು ಸ್ಪೀಕರುಗಳು, ಇಷ್ಟೇ ಅದರ ಸಂಸಾರ. ಹತ್ತು ವರ್ಷದ ಹಿಂದೆ ನಾನು ಕೆಲಸದಿಂದ ನಿವೃತ್ತನಾದ ಮೇಲೆ, ಸಂಜೆ ದೀಪ ಹಚ್ಚಿದ ತರುವಾಯ ತಟ್ಟೆಯ ಒಂದು ಮಗ್ಗುಲನ್ನು ಕೇಳುವುದು ಪದ್ಧತಿಯಾಯಿತು. ಶುಕ್ರವಾರ ಮಾತ್ರ ಅದು ತಪ್ಪದೆ ದಾಸರ ಪದಗಳ ತಟ್ಟೆಯೇ ಆಗಬೇಕು. ಅದನ್ನು 1979ರಲ್ಲಿ, ನಮ್ಮ ಮದುವೆಯ ಸಮಯದಲ್ಲಿ, ನಮ್ಮ ಮಾವನವರು ಮಗಳ ಕೈಗೆ ಕೊಟ್ಟಿದ್ದರು. ಹೊದಿಕೆಯ ಮೇಲೆ ಅವರು ತಮ್ಮ ಕೈಯಿಂದ ಬರೆದ ಆಶೀರ್ವಾದದ ಎರಡು ಸಾಲುಗಳು ಇಂದಿಗೂ ಇವೆ. ಮಾವನವರು ಈಗಿಲ್ಲ.

ಒಂದೆರಡು ವರ್ಷಗಳಿಂದ ನನಗೆ ಧ್ವನಿಯಲ್ಲಿ ಮೊದಲಿನ ಹೊಳಪು ಕಾಣದಾಯಿತು. ತಾಳದ ಕಿಣಿ ಕೇಳಿಸದು. ತಂಬೂರಿಯ ಝೇಂಕಾರವು ಗೋಡೆಯಾಚೆಗೆ ನುಡಿದಂತಾಗುವುದು. ಯಂತ್ರಕ್ಕೆ ಮುಪ್ಪು ಬಂದಿತೆಂದು ನಿಶ್ಚಯಿಸಿಕೊಂಡೆನು. ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದಾಗ ಅವನೊಡನೆ ಅಂಗಡಿಯೊಂದಕ್ಕೂ ಹೋದೆನು. ಅಲ್ಲಿಯವರು ಸಜ್ಜನರು; ಕಾಫಿ ಕೊಟ್ಟು ಕೂರಿಸಿ ಒಂದು ಗಂಟೆಯ ಹೊತ್ತು ಸಂಗೀತವನ್ನು ಕೇಳಿಸಿದರು. ಕೇಳಿ ಬೆರಗಾದೆನು. ಎಲ್ಲಕ್ಕೂ ಸೇರಿ 1,60,000 ರೂಪಾಯಿ. ಮಗನು, "ಅಪ್ಪ, ಅರ್ಧ ನಾನು ಹಾಕುತ್ತೇನೆ, ಯೋಚನೆ ಮಾಡಬೇಡಿ" ಎಂದನು. ಅಡುಗೆಮನೆಯ ಮಾಡು ಸೋರುತ್ತಿದ್ದುದಕ್ಕೆಂದು ನಾವು ಎತ್ತಿಟ್ಟಿದ್ದ ಹಣವು ನನ್ನ ಮನಸ್ಸಿಗೆ ಬಂದಿತು. ಮಾಡು ಇನ್ನೊಂದು ಮಳೆಗಾಲವನ್ನು ತಡೆದೀತೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು. ವಾಚಕರು ನಗಬಾರದು, ಆಸೆಯು ಎಲ್ಲ ವಯಸ್ಸಿನಲ್ಲಿಯೂ ವಕೀಲಿಯನ್ನು ಬಲ್ಲುದು.

ದಸರೆಯ ರಜೆಗೆ ಮೊಮ್ಮಗಳು ಮೈಸೂರಿಗೆ ಬಂದಳು. ವಯಸ್ಸು ಹನ್ನೊಂದು. ಶುಕ್ರವಾರ ಸಂಜೆ ತಟ್ಟೆಯು ನುಡಿಯುತ್ತಿದ್ದಾಗ ಅವಳು ಕಿವಿಯ ಮೇಲೆ ಕೈಯಿಟ್ಟುಕೊಂಡು, "ತಾತ, ಅವರು 'ಸ' ಅಂದಾಗಲೆಲ್ಲ ಬುಸ್ ಅನ್ನುತ್ತಲ್ಲ, ನಿಮಗೆ ಕೇಳಿಸೋಲ್ವಾ?" ಎಂದಳು. ನಾನು ಮುಳ್ಳನ್ನು ಎತ್ತಿ ಮತ್ತೆ ಹಾಕಿದೆನು. ನನಗೇನೂ ಕೇಳಿಸಲಿಲ್ಲ. ಮಗುವಿನ ಹುಡುಗಾಟವೆಂದು ಹೇಳುವುದರೊಳಗೆ ಬಾಗಿಲ ಬಳಿ ನಿಂತಿದ್ದ ನಮ್ಮ ಮನೆಯವರು, "ಅವಳು ಹೇಳೋದು ನಿಜ. ಎರಡು ವರ್ಷದಿಂದ ಹೀಗೇ ಇದೆ. ಕೊನೆಯ ಪದದಲ್ಲಂತೂ ಜಾಸ್ತಿ" ಎಂದರು.

"ಹಾಗಾದರೆ ಇಷ್ಟು ದಿನ ಹೇಳಲಿಲ್ಲವೇಕೆ?"

"ನೀವು ಅಷ್ಟು ಸಂತೋಷವಾಗಿ ಕೂತು ಕೇಳ್ತಿದ್ದಿರಿ. ಏನು ಹೇಳಲಿ?"

ತಮ್ಮ ತಂದೆಯವರು ಕೊಟ್ಟ ತಟ್ಟೆಯು ವಾರಕ್ಕೊಮ್ಮೆ ಕಣ್ಣೆದುರಿಗೆ ಕೆಡುತ್ತಿದ್ದುದನ್ನು ಅವರು ಕೇಳಿಕೊಂಡು ಸುಮ್ಮನಿದ್ದರು. ಅದನ್ನು ಕೆಡಿಸುತ್ತಿದ್ದವನು ನಾನು. ಯಂತ್ರವೆಲ್ಲವನ್ನೂ ಬದಲಾಯಿಸುವ ಯೋಚನೆಯಲ್ಲಿದ್ದ ನಾನು, ತಟ್ಟೆಗೆ ಏನಾಗುತ್ತಿದೆಯೆಂದು ಒಂದು ದಿನವೂ ನೋಡಿರಲಿಲ್ಲ.

ಇಲ್ಲಿ ತಟ್ಟೆಯು ನುಡಿಯುವ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ವಿನೈಲಿನ ದೊಡ್ಡ ತಟ್ಟೆಯು, ಅಂದರೆ 1948ರಲ್ಲಿ ಅಮೆರಿಕೆಯಲ್ಲಿ ಮೊದಲು ಮಾರಾಟಕ್ಕೆ ಬಂದ ಎಲ್‌ಪಿ ಎಂಬುದು, ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಪಾಲು ಸುತ್ತು ತಿರುಗುವುದು. ಸರಿಯಾಗಿ ಹೇಳುವುದಾದರೆ ಮೂರು ನಿಮಿಷಕ್ಕೆ ನೂರು ಸುತ್ತು. ಅದರ ಒಂದು ಮಗ್ಗುಲಿನಲ್ಲಿರುವುದು ಹೊರಗಿನಿಂದ ಒಳಕ್ಕೆ ಸುರುಳಿ ಸುತ್ತಿದ ಒಂದೇ ಒಂದು ಗೆರೆ. ಇಪ್ಪತ್ತು ನಿಮಿಷದ ಮಗ್ಗುಲಿನ ಗೆರೆಯನ್ನು ಬಿಚ್ಚಿ ನೀಟಾಗಿ ಎಳೆದರೆ ಅದು ನಾನೂರು ಮೀಟರಿಗೂ ಮೇಲಾಗುವುದು, ಅಂದರೆ ಹಳೆಯ ಲೆಕ್ಕದಲ್ಲಿ ಎರಡು ಫರ್ಲಾಂಗು. ಉತ್ತ ನೆಲದ ಸಾಲಿಗೆ ಎರಡು ಬದಿಗಳಿರುವಂತೆ ಈ ಗೆರೆಗೂ ಎರಡು ಗೋಡೆಗಳುಂಟು. ಸ್ಟೀರಿಯೋ ತಟ್ಟೆಯಲ್ಲಿ ಒಂದು ಗೋಡೆಯ ಏರಿಳಿತದಲ್ಲಿ ಎಡಗಡೆಯ ಧ್ವನಿ, ಇನ್ನೊಂದರಲ್ಲಿ ಬಲಗಡೆಯ ಧ್ವನಿ. ವಜ್ರದ ಚಿಕ್ಕ ಮುಳ್ಳೊಂದು ಈ ಎರಡು ಗೋಡೆಗಳನ್ನು ಮುಟ್ಟುತ್ತ ನಡೆಯುವುದು. ಅದರ ತುದಿಯು ಒಂದು ಅಂಗುಲದ ಸಾವಿರ ಪಾಲುಗಳಲ್ಲಿ ಒಂದಕ್ಕಿಂತಲೂ ಕಿರಿದು. ಮುಳ್ಳಿನ ಮೇಲೆ ಇರಿಸುವ ಭಾರವು ಎರಡು ಗ್ರಾಮಿನಷ್ಟಾದರೂ, ಅದು ತಾಗುವ ಸ್ಥಳವು ಅತಿ ಸೂಕ್ಷ್ಮವಾದುದರಿಂದ ಅಲ್ಲಿ ಬೀಳುವ ಒತ್ತಡವು ಬಹಳ.

ವಜ್ರವಾದರೂ ಸವೆಯದೆ ಇರದು. ತುದಿಯನ್ನು ಕಡೆದಿರುವ ಆಕಾರವನ್ನನುಸರಿಸಿ ಮುಳ್ಳಿನ ಆಯುಸ್ಸು ಸುಮಾರು 300ರಿಂದ 1000 ಗಂಟೆಗಳವರೆಗೆ ಎಂದು ಅದನ್ನು ತಯಾರಿಸುವವರು ಹೇಳುವರು. ನಮ್ಮ ಮನೆಯ ಲೆಕ್ಕವನ್ನು ನೋಡಿರಿ. ದಿನಕ್ಕೆ 20 ನಿಮಿಷದಂತೆ ವರ್ಷಕ್ಕೆ ಸುಮಾರು 120 ಗಂಟೆ. ಹತ್ತು ವರ್ಷಕ್ಕೆ 1200 ಗಂಟೆ. ಈ ಹತ್ತು ವರ್ಷವೂ ಅದೇ ಮುಳ್ಳು. ಸವೆದ ಮುಳ್ಳು ದುಂಡಗಿರುವುದಿಲ್ಲ. ಎರಡು ಮಗ್ಗುಲಲ್ಲಿ ಚಪ್ಪಟೆಯಾಗಿ ಅಂಚುಗಳು ಏಳುವುವು. ಆಗ ಅದು ಗೆರೆಯನ್ನು ಓದುವುದನ್ನು ಬಿಟ್ಟು ಹೆರೆಯುವುದಕ್ಕೆ ತೊಡಗುವುದು. 'ಸ', 'ಶ', 'ಷ' ಎಂಬ ಊಷ್ಮಾಕ್ಷರಗಳು ಗೆರೆಯಲ್ಲಿ ಅತಿ ಸಣ್ಣ ಸಣ್ಣ ಕೊಂಕುಗಳಾಗಿರುವುದರಿಂದ ಮೊದಲು ಕೆಡುವುವು ಅವೇ. ತಟ್ಟೆಯ ಕೊನೆಯ ಹಾಡಿನಲ್ಲಿ ಕೇಡು ಹೆಚ್ಚು ಕೇಳಿಸುವುದೇಕೆಂದರೆ, ಹೊರ ಅಂಚಿನಲ್ಲಿ ಒಂದು ಸೆಕೆಂಡಿಗೆ 50 ಸೆಂಟಿಮೀಟರಿನಷ್ಟು ಗೆರೆಯು ಮುಳ್ಳಿನ ಕೆಳಗೆ ಹಾದುಹೋದರೆ, ಒಳ ಅಂಚಿನಲ್ಲಿ 21 ಸೆಂಟಿಮೀಟರು ಮಾತ್ರ ಹಾಯುವುದು. ಬರೆಯಬೇಕಾದ ಅಕ್ಷರಗಳು ಅಷ್ಟೇ, ಕಾಗದವು ಮಾತ್ರ ಅರ್ಧಕ್ಕೂ ಕಡಿಮೆ. ಆದುದರಿಂದ ಅಲ್ಲಿ ಕೊಂಕುಗಳು ಇನ್ನಷ್ಟು ಇಕ್ಕಟ್ಟಾಗಿರುವುವು.

ಈಗ ಒಂದು ಮಾತನ್ನು ವಾಚಕರು ಗಮನಿಸಬೇಕು. ಮನೆಯ ವಸ್ತುಗಳಲ್ಲಿ ಮೂರು ಬಗೆ. ರಿಪೇರಿಗೆ ಬರುವುವು ಕೆಲವು. ಕೆಟ್ಟರೆ ಅಂಗಡಿಯಿಂದ ಬೇರೆಯದನ್ನು ತರಬಹುದಾದುವು ಕೆಲವು. ಒಮ್ಮೆ ಹೋದರೆ ಯಾವ ಅಂಗಡಿಯಲ್ಲಿಯೂ ಸಿಕ್ಕದಿರುವುವು ಕೆಲವು. ಆಂಪ್ಲಿಫೈಯರು ಮೊದಲನೆಯ ಬಗೆಯದು, ಮುಳ್ಳು ಎರಡನೆಯದು, ತಂದೆ ತಾಯಿಗಳು ಬಿಟ್ಟುಹೋದ ತಟ್ಟೆಯು ಮೂರನೆಯದು. ಅದೇ ಹಾಡು ಫೋನಿನಲ್ಲಿ ಸಿಕ್ಕುವುದೆಂದು ಮಗನು ಹೇಳಿದನು. ಕೆಲವು ಸಿಕ್ಕುವುವು, ಕೆಲವು ಸಿಕ್ಕುವುದಿಲ್ಲ. ಸಿಕ್ಕಿದರೂ ಮಾವನವರ ಕೈಬರಹವು ಅದರೊಡನೆ ಬರುವುದಿಲ್ಲ. ನಾನು 1,60,000 ರೂಪಾಯಿಗಳನ್ನು ಸುರಿದು, ಹಳೆಯ ಮುಳ್ಳಿನ ಟರ್ನ್‌ಟೇಬಲನ್ನು ಮಾತ್ರ ಪ್ರೀತಿಯಿಂದ ಉಳಿಸಿಕೊಂಡಿದ್ದರೆ ಏನಾಗುತ್ತಿತ್ತು? ಹೊಸ ಸ್ಪೀಕರಿನಲ್ಲಿ ಬುಸುಗುಡುವುದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತಿತ್ತು, ತಟ್ಟೆಯು ಮೊದಲಿನಂತೆಯೇ ಸವೆಯುತ್ತಿತ್ತು. ಗೆರೆಯಿಂದ ಮುಳ್ಳು ಎತ್ತದೆ ಬಿಟ್ಟುದನ್ನು ಮುಂದಿನ ಯಾವ ಯಂತ್ರವೂ ಸೃಷ್ಟಿಸಲಾರದು. ಆದುದರಿಂದ ಹಣವನ್ನು ಮೊದಲು ಹಾಕಬೇಕಾದುದು ಮರಳಿ ಬಾರದ ವಸ್ತುವನ್ನು ಕಾಯುವ ಕಡೆಗೆ, ಮಿಕ್ಕುದೆಲ್ಲವೂ ಆಮೇಲೆ.

ಮರುದಿನ ಸಲಕರಣೆಯನ್ನು ಹೊತ್ತುಕೊಂಡು, ರೇಡಿಯೋ ರಿಪೇರಿಯಲ್ಲಿ ತಲೆ ನರೆತ ನಮ್ಮೂರಿನ ಒಬ್ಬ ಹಿರಿಯರ ಅಂಗಡಿಗೆ ಹೋದೆನು. ಅವರು ಅಕ್ಕಸಾಲಿಗರ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಮುಳ್ಳನ್ನು ನೋಡಿ, ಏನನ್ನೂ ಹೇಳದೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಉಳಿಯ ತುದಿಯಂತೆ ಎರಡು ಕಡೆ ಮಿನುಗುತ್ತಿದ್ದಿತು. "ಸ್ವಾಮಿ, ಇದರಲ್ಲಿ ಪ್ಲೇಟು ಹಾಕೋದು ಒಂದೇ, ಪ್ಲೇಟನ್ನು ಕೆರೆಮಣೆಗೆ ಹಿಡಿಯೋದು ಒಂದೇ" ಎಂದರು. ಆಂಪ್ಲಿಫೈಯರನ್ನು ಬಿಚ್ಚಿ ನೋಡಿ, ಒಣಗಿದ್ದ ಎರಡು ಕೆಪಾಸಿಟರುಗಳನ್ನು ಬದಲಾಯಿಸಿ, ಧ್ವನಿಯ ಗುಂಡಿಯನ್ನು ಶುಚಿಮಾಡಿ, "ಇದು ಇನ್ನೂ ಹತ್ತು ವರ್ಷ ಬರುತ್ತೆ, ಇದನ್ನೇಕೆ ಮಾರ್ತೀರಿ?" ಎಂದರು. ಸ್ಪೀಕರುಗಳಲ್ಲಿ ಏನೂ ದೋಷವಿರಲಿಲ್ಲ.

ಹಾಗಾದರೆ ನನಗೆ ಮಂಕಾಗಿ ಕೇಳಿಸುತ್ತಿದ್ದುದು ಏತರಿಂದ? ಮಗುವಿಗೆ ಬುಸುಗುಟ್ಟಿದುದು ನನಗೆ ಕೇಳಿಸದಿದ್ದುದು ಏತರಿಂದ? ಇದಕ್ಕೆ ಉತ್ತರವು ಆ ಅಂಗಡಿಯಲ್ಲಿ ಸಿಕ್ಕುವಂಥದಾಗಿರಲಿಲ್ಲ. ನಮ್ಮ ಮನೆಯವರ ಒತ್ತಾಯದಿಂದ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಕಿವಿಯನ್ನು ಪರೀಕ್ಷೆ ಮಾಡಿಸಿಕೊಂಡೆನು. ಅಲ್ಲಿ ಬರೆದುಕೊಟ್ಟ ನಕ್ಷೆಯಲ್ಲಿ ತಗ್ಗಿನ ಸ್ವರಗಳ ಕಡೆ ಗೆರೆಯು ಸಮವಾಗಿ ನಡೆದು, ಮೇಲಿನ ಸ್ವರಗಳ ಕಡೆ ಬೆಟ್ಟದಿಂದ ಇಳಿದಂತೆ ಇಳಿದಿದ್ದಿತು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ಧ್ವನಿಗಳನ್ನು. ತಾಳದ ಕಿಣಿಯೂ 'ಸ'ಕಾರದ ಮೊನೆಯೂ ಇರುವುದು ಅಲ್ಲಿಯೇ. ಯಂತ್ರಕ್ಕೆ ಬಂದಿತೆಂದು ನಾನು ತಿಳಿದ ಮುಪ್ಪು ನನಗೆ ಬಂದಿದ್ದಿತು. ಇದನ್ನರಿಯದೆ ಹೊಸ ಯಂತ್ರವನ್ನು ತಂದು, ನನ್ನ ಕಿವಿಗೆ ಹೊಳಪು ಬರುವವರೆಗೆ ಅದರ ಗುಂಡಿಯನ್ನು ತಿರುಗಿಸಿದ್ದರೆ, ಮನೆಯ ಉಳಿದವರು ಶುಕ್ರವಾರ ಬಂದಿತೆಂದರೆ ದೇವಸ್ಥಾನಕ್ಕೆ ಹೊರಟುಬಿಡುತ್ತಿದ್ದರು.

ದಾವಣಗೆರೆಯ ಮಹನೀಯರಿಗೂ, ಇದೇ ಯೋಚನೆಯಲ್ಲಿರುವ ಇತರರಿಗೂ, ನನ್ನ ಅನುಭವದಿಂದ ತಿಳಿದ ಕ್ರಮವನ್ನು ಈಗ ಹೇಳುತ್ತೇನೆ.

ಮೊದಲನೆಯದು ಮುಳ್ಳು. ಅದನ್ನು ಹಾಕಿ ಎಷ್ಟು ಗಂಟೆಯಾಯಿತೆಂದು ಅಂದಾಜು ಮಾಡಿರಿ. ನೆನಪೇ ಇಲ್ಲವೆಂದಾದರೆ ಅದನ್ನು ಬದಲಾಯಿಸತಕ್ಕದ್ದೆಂದೇ ತಿಳಿಯಿರಿ. ತೀರ್ಥರೂಪರ ಕಾಲದ ತಟ್ಟೆಗಳಲ್ಲಿ ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳೂ ಇದ್ದರೆ ಅವುಗಳಿಗೆ ಬೇರೆಯ ಮುಳ್ಳೇ ಬೇಕು. ಅವುಗಳ ಗೆರೆಯು ಅಗಲ. ತುದಿಯ ದುಂಡು ಅಂಗುಲದ ಸಾವಿರ ಪಾಲುಗಳಲ್ಲಿ ಸುಮಾರು ಮೂರು ಇರಬೇಕು, ಸ್ಟೀರಿಯೋ ತಟ್ಟೆಗೆ ಒಂದಕ್ಕೂ ಕಡಿಮೆ. ಇದರ ಮುಳ್ಳು ಅದಕ್ಕೆ ಹಾಕಿದರೆ ಗೆರೆಯ ತಳದಲ್ಲಿ ತಡಕಾಡುವುದು; ಅದರ ಮುಳ್ಳನ್ನು ಇದಕ್ಕೆ ಹಾಕಿದರೆ ತಟ್ಟೆಯೇ ಹಾಳಾಗುವುದು.

ಎರಡನೆಯದು ಕೊಳೆ. ಗೆರೆಯಲ್ಲಿ ಕುಳಿತ ದೂಳು ಮುಳ್ಳಿನ ಕೆಳಗೆ ಮರಳಿನ ಕಾಗದದಂತೆ ಕೆಲಸ ಮಾಡುವುದು. ಪ್ರತಿಯೊಂದು ಸಲವೂ ಮೆತ್ತನೆಯ ಬ್ರಷ್ಷಿನಿಂದ ತಟ್ಟೆಯನ್ನು ಒರಸಿರಿ. ತೀರ ಕೊಳೆಯಾಗಿದ್ದರೆ, ನಡುವಣ ಚೀಟಿಯು ನೆನೆಯದಂತೆ, ಭಟ್ಟಿ ಇಳಿಸಿದ ನೀರಿಗೆ ಸೌಮ್ಯವಾದ ಸೋಪಿನ ಒಂದೆರಡು ಹನಿಯನ್ನು ಸೇರಿಸಿ ತೊಳೆದು ನೆರಳಿನಲ್ಲಿ ಆರಿಸಿರಿ. ಅರಗಿನ ತಟ್ಟೆಗೆ ಸ್ಪಿರಿಟನ್ನು ಎಂದಿಗೂ ಸೋಕಿಸಬಾರದು. ಅರಗು ಅದರಲ್ಲಿ ಕರಗುವುದು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಬೂಷ್ಟು ತಟ್ಟೆಗೆ ದೊಡ್ಡ ಶತ್ರು. ಬೂಷ್ಟು ಹಿಡಿದ ಕಾಗದದ ಚೀಲವನ್ನು ಎಸೆದು ಹೊಸದನ್ನು ಹಾಕಿರಿ, ಆದರೆ ಹೊರಗಿನ ಹೊದಿಕೆಯನ್ನು ಎಸೆಯಬೇಡಿರಿ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಬೇಕೇ ಹೊರತು ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಬಾರದು. ಬಿಸಿಲು ತಾಗಿದರೆ ವಿನೈಲು ಹಪ್ಪಳದಂತೆ ಡೊಂಕಾಗುವುದು.

ಮೂರನೆಯದು ಹದ. ಟರ್ನ್‌ಟೇಬಲನ್ನು ಗಾರೆಯವರ ಮಟ್ಟಗೋಲಿನಿಂದ ಸಮಮಾಡಿರಿ. ಮುಳ್ಳಿನ ಮೇಲಿನ ಭಾರವನ್ನು ಅದರ ತಯಾರಕರು ಹೇಳಿದಷ್ಟೇ ಇಡಿರಿ. ಈಗಿನವಕ್ಕೆ ಹೆಚ್ಚಾಗಿ ಒಂದೂವರೆಯಿಂದ ಎರಡೂವರೆ ಗ್ರಾಮು. ಭಾರ ಕಡಿಮೆಯಾದಷ್ಟೂ ತಟ್ಟೆಗೆ ಕ್ಷೇಮವೆಂಬುದು ತಪ್ಪು ತಿಳಿವಳಿಕೆ. ತೀರ ಹಗುರವಾದ ಮುಳ್ಳು ಗೆರೆಯಲ್ಲಿ ನಿಲ್ಲದೆ ಕುಪ್ಪಳಿಸಿ ಗೋಡೆಗಳನ್ನು ಜಜ್ಜುವುದು. ತಟ್ಟೆಯ ಅಂಚಿಗೆ ಒಂದು ಚೂರು ಕಾಗದವನ್ನಿಟ್ಟು ಗಡಿಯಾರವನ್ನು ಹಿಡಿದು ಎಣಿಸಿರಿ. ಮೂರು ನಿಮಿಷಕ್ಕೆ ನೂರು ಸುತ್ತು ಬರಬೇಕು. ನೂರಾರು ಬಂದರೆ ಶ್ರುತಿಯು ಅರ್ಧ ಸ್ವರದಷ್ಟು ಏರಿದೆಯೆಂದರ್ಥ. ತೊಂಬತ್ತನಾಲ್ಕು ಬಂದರೆ ಅಷ್ಟೇ ಇಳಿದಿದೆ. ಓಟವು ಕುಂದುವುದಕ್ಕೆ ಹಲವು ಸಲ ಒಂದು ಸಡಿಲವಾದ ರಬ್ಬರಿನ ಬೆಲ್ಟೇ ಕಾರಣ.

ನಾಲ್ಕನೆಯದು ಸ್ಥಳ. ನಮ್ಮ ಈಗಿನ ಮನೆಗಳು ಕಲ್ಲಿನ ನೆಲ, ಕಾಂಕ್ರೀಟಿನ ಚಾವಣಿ, ಬೋಳು ಗೋಡೆ. ಧ್ವನಿಯು ಚೆಂಡಿನಂತೆ ಪುಟಿಯುವುದು. ನೆಲಕ್ಕೆ ಒಂದು ಜಮಖಾನ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಬೀರು, ಇವು ಮೂರೂ ಸೇರಿ ಎಷ್ಟೋ ಸಾವಿರ ರೂಪಾಯಿಯ ಯಂತ್ರವು ಮಾಡದ ಉಪಕಾರವನ್ನು ಮಾಡುವುವು. ಸ್ಪೀಕರುಗಳನ್ನು ಮೂಲೆಗೆ ತುರುಕಿದರೆ ಮೃದಂಗವು ಗುಮ್ಮೆಂದು ಉಳಿದುದನ್ನೆಲ್ಲ ಮುಚ್ಚುವುದು. ಎರಡು ಸ್ಪೀಕರುಗಳೂ ಕೇಳುವವನೂ ಸಮತ್ರಿಕೋಣದ ಮೂರು ಮೂಲೆಗಳಲ್ಲಿ ಇರುವಂತೆ, ಚಿಕ್ಕ ಸ್ಪೀಕರು ಕುಳಿತವನ ಕಿವಿಯ ಎತ್ತರಕ್ಕೆ ಬರುವಂತೆ ಇಟ್ಟು ನೋಡಿರಿ. ಟರ್ನ್‌ಟೇಬಲನ್ನು ಸ್ಪೀಕರಿನ ಮೇಲಾಗಲಿ ಅದೇ ಬೀರುವಿನ ಮೇಲಾಗಲಿ ಇಡಬಾರದು. ಸ್ಪೀಕರಿನ ಅದಿರು ಮುಳ್ಳಿಗೆ ಏರಿ ಧ್ವನಿಯನ್ನು ಕಲಕುವುದು.

ಐದನೆಯದು ನಿಮ್ಮ ಕಿವಿ. ಅರುವತ್ತು ದಾಟಿದವರು ಹಣವನ್ನು ಎಣಿಸುವುದಕ್ಕೆ ಮೊದಲು ಮನೆಯ ಮಕ್ಕಳನ್ನು ಕೂರಿಸಿ ಕೇಳಿರಿ. ಅವರ ಕಿವಿಗೆ ಕಾಸು ಕೊಡಬೇಕಾದುದಿಲ್ಲ.

ಇಷ್ಟೂ ಆದ ಮೇಲೆಯೂ ಕೊರತೆಯು ಉಳಿದರೆ ಕೊಳ್ಳುವುದು ತಪ್ಪಲ್ಲ. ಹಳೆಯ ಯಂತ್ರಕ್ಕೆ ಹೊಂದುವ ಮುಳ್ಳೇ ಸಿಕ್ಕದಿದ್ದರೆ, ಅದರ ತೋಳು ನಾಲ್ಕಾರು ಗ್ರಾಮು ಭಾರವನ್ನು ಹೇರುವ ಹಿಂದಿನ ಕಾಲದ ಬಗೆಯದಾಗಿದ್ದರೆ, ಅಥವಾ ಮೋಟಾರಿನ ಗೊರಗೊರವು ಹಾಡಿನೊಳಗೆ ಕೇಳಿಸುತ್ತಿದ್ದರೆ, ಟರ್ನ್‌ಟೇಬಲನ್ನು ಬದಲಾಯಿಸುವುದು ತಟ್ಟೆಗೆ ಮಾಡುವ ಉಪಕಾರವೇ ಸರಿ. ಸೂಟುಕೇಸಿನಂತೆ ಮುಚ್ಚುವ ಅಗ್ಗದ ಹೊಸ ಯಂತ್ರಗಳಲ್ಲಿಯೂ ಭಾರವಾದ ಮುಳ್ಳುಗಳುಂಟು. ಹೊಸದೆಂದ ಮಾತ್ರಕ್ಕೆ ಮೋಸಹೋಗಬಾರದು. ಸ್ಪೀಕರಿನ ಸುತ್ತಣ ಫೋಮಿನ ಅಂಚು ಪುಡಿಯಾಗಿದ್ದರೆ ಅಂಚನ್ನು ಮಾತ್ರ ಹೊಸದಾಗಿ ಕಟ್ಟಿಸಬಹುದು. ಆಂಪ್ಲಿಫೈಯರಿನ ವಾಟುಗಳಿಗೆ ಮರುಳಾಗಬೇಡಿರಿ. ಶಕ್ತಿಯನ್ನು ಇಮ್ಮಡಿ ಮಾಡಿದರೆ ಧ್ವನಿಯು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆಂದು ತೋರಬೇಕಾದರೆ ಶಕ್ತಿಯು ಸುಮಾರು ಹತ್ತು ಮಡಿಯಾಗಬೇಕು. ಹೊಸ ಆಂಪ್ಲಿಫೈಯರನ್ನೇ ಕೊಳ್ಳುವುದಾದರೆ ಅದರಲ್ಲಿ ಫೋನೋ ಎಂಬ ದ್ವಾರವಿದೆಯೇ ಎಂದು ನೋಡಿರಿ. ತಟ್ಟೆಯನ್ನು ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ ಮೇಲಿನವನ್ನು ಹಿಗ್ಗಿಸುವುದುಂಟು. ಇದಕ್ಕೆ 1954ರಿಂದ ಗೊತ್ತಾದ ಒಂದು ಅಳತೆಯುಂಟು. ಅದನ್ನು ಮರಳಿ ಸರಿಪಡಿಸುವುದು ಫೋನೋ ದ್ವಾರದ ಕೆಲಸ. ಅದಿಲ್ಲದಿದ್ದರೆ ಹಾಡು ಬಡಕಲಾಗಿ, ಕರ್ಕಶವಾಗಿ ಕೇಳಿಸುವುದು.

ಯಂತ್ರಕ್ಕಿಂತ ತಟ್ಟೆಯು ಹೆಚ್ಚೆಂಬುದಕ್ಕೆ ನಮ್ಮ ಮೈಸೂರಿನಲ್ಲಿಯೇ ಎರಡು ನಿದರ್ಶನಗಳುಂಟು. 1902ರಲ್ಲಿ ಕಲ್ಕತ್ತೆಯಲ್ಲಿ, ಭಾರತದಲ್ಲಿ ಮೊತ್ತಮೊದಲು ನಡೆದ ಧ್ವನಿಮುದ್ರಣಗಳಲ್ಲಿ ಹಾಡಿದ ಗೌಹರ್ ಜಾನ್ ಅವರು 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಕಾಲದ ಯಂತ್ರಗಳು ಇಂದು ವಸ್ತುಸಂಗ್ರಹಾಲಯದ ಅಲಂಕಾರ. ಅವರ ಕಂಠವಾದರೋ ಸವೆಯದೆ ಉಳಿದ ತಟ್ಟೆಗಳಿಂದ ಇಂದಿಗೂ ಕೇಳಿಬರುವುದು. ಎರಡನೆಯದು ಜಯಚಾಮರಾಜ ಒಡೆಯರವರದು. ಪಾಶ್ಚಾತ್ಯ ಸಂಗೀತವನ್ನು ಚೆನ್ನಾಗಿ ಬಲ್ಲ ಆ ದೊರೆಗಳಿಗೆ, ಲಂಡನ್ನಿನಲ್ಲಿ ನೆಲಸಿದ್ದ ರಷ್ಯಾ ದೇಶದ ಪಿಯಾನೋ ವಿದ್ವಾಂಸ ನಿಕೊಲಾಯ್ ಮೆಟ್ನರ್ ಎಂಬುವರ ಕೃತಿಗಳ ಮೇಲೆ ಬಹಳ ಆದರ. ಮೆಟ್ನರ್ ವೃದ್ಧರಾಗಿದ್ದರು, ರೋಗಿಗಳಾಗಿದ್ದರು. ಒಡೆಯರವರು 1940ರ ದಶಕದ ಕೊನೆಯಲ್ಲಿ ಹಣವನ್ನು ಕೊಟ್ಟು, ಮೆಟ್ನರ್ ತಾವೇ ನುಡಿಸಿದ ತಮ್ಮ ಕೃತಿಗಳು ತಟ್ಟೆಗಳಲ್ಲಿ ಉಳಿಯುವಂತೆ ಮಾಡಿದರು. ವಿದ್ವಾಂಸರು ತಮ್ಮ ಪಿಯಾನೋದ ಮೂರನೆಯ ಕಂಚರ್ಟೋವನ್ನು ದೊರೆಗಳಿಗೆ ಅರ್ಪಿಸಿ, 1951ರಲ್ಲಿ ಕಾಲವಾದರು. ಕೈಯಲ್ಲಿ ಹಣವಿದ್ದವರು ಯಾವುದು ಮರಳಿ ಬಾರದೋ ಅದನ್ನು ಕಂಡುಕೊಂಡು, ಕಾಲ ಮೀರುವುದರೊಳಗೆ ಅದಕ್ಕೆ ಹಣವನ್ನು ಹಾಕಿದರು. ನಮ್ಮ ನಿಮ್ಮ ಮನೆಯ ಹಣವು ಅಷ್ಟಿಲ್ಲದಿದ್ದರೂ ಲೆಕ್ಕವು ಅದೇ.

ಇನ್ನು ನಮ್ಮ ಮನೆಯ ಖರ್ಚಿನ ವಿವರ: ಹೊಸ ಮುಳ್ಳಿಗೆ 3,200 ರೂಪಾಯಿ, ಬೆಲ್ಟಿಗೆ 600, ಆಂಪ್ಲಿಫೈಯರಿನ ಕೆಲಸಕ್ಕೆ 1,500, ಬ್ರಷ್ಷಿಗೂ ಹೊಸ ಕಾಗದದ ಚೀಲಗಳಿಗೂ 1,700, ಒಟ್ಟು 7,000. ಅಡುಗೆಮನೆಯ ಮಾಡಿನ ಕೆಲಸವು ಮುಂದಿನ ವಾರ ಮೊದಲಾಗುವುದು.

ತಟ್ಟೆಯ ಸಂಗತಿಯನ್ನು ಹೇಳದೆ ಮುಗಿಸಿದರೆ ವಾಚಕರಿಗೆ ಸಮಾಧಾನವಾಗಲಾರದು. ಅಂಗಡಿಯ ಹಿರಿಯರು ಮೊದಲಿನ ದುಂಡು ತುದಿಯ ಮುಳ್ಳಿಗೆ ಬದಲಾಗಿ, ಅಂಡಾಕಾರವಾಗಿ ಕಡೆದ ತುದಿಯ ಮುಳ್ಳನ್ನು ಆರಿಸಿಕೊಟ್ಟರು. ಅದು ಗೆರೆಯ ಗೋಡೆಯನ್ನು ಬೇರೊಂದು ಎಡೆಯಲ್ಲಿ ಮುಟ್ಟುವುದರಿಂದ, ಹಳೆಯ ಮುಳ್ಳು ಹೆರೆಯದೆ ಬಿಟ್ಟ ಭಾಗವು ಎಲ್ಲಿಯಾದರೂ ಇದ್ದರೆ ಅದನ್ನು ಓದೀತು ಎಂದರು, ಖಂಡಿತವೆಂದು ಹೇಳಲಿಲ್ಲ. ಶುಕ್ರವಾರ ದೀಪ ಹಚ್ಚಿದ ಮೇಲೆ ತಟ್ಟೆಯನ್ನು ತೊಳೆದು ಆರಿಸಿ ಹಾಕಿದೆನು. ಈ ಸಲ ನಾನು ಕೇಳುವವನಾಗಿ ಕೂರಲಿಲ್ಲ. ಮೊಮ್ಮಗಳನ್ನೂ ಅವಳ ಅಜ್ಜಿಯನ್ನೂ ಸ್ಪೀಕರುಗಳ ಎದುರಿಗೆ ಕೂರಿಸಿ, ನಾನು ಅವರ ಮುಖವನ್ನು ನೋಡುತ್ತಿದ್ದೆನು.

ಮೊದಲ ಮೂರು ಪದಗಳು ಚೆನ್ನಾಗಿ ಬಂದುವಂತೆ. ನಾಲ್ಕನೆಯದರಲ್ಲಿ ಅಲ್ಲಲ್ಲಿ ಬುಸುಗುಟ್ಟಿತಂತೆ. ಕೊನೆಯ ಪದದ ಕಡೆಯ ಚರಣಕ್ಕೆ ಬಂದಾಗ ಮಗುವು ತಲೆಯಲ್ಲಾಡಿಸಿದಳು, ಅದು ಹೋಗಿತ್ತು. ಇನ್ನಾವ ಮುಳ್ಳಿನಿಂದಲೂ ಅದು ಮರಳುವುದಿಲ್ಲ. ನಮ್ಮ ಮನೆಯವರು ಮಾತ್ರ, "ಇಷ್ಟು ಬಂತಲ್ಲ" ಎಂದು, ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದರು. ಮರುದಿನ ಮಗನು ಹೇಳಿಕೊಟ್ಟಂತೆ ಆ ತಟ್ಟೆಯನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟೆವು. ಇನ್ನು ಮೇಲೆ ವಾರವಾರವೂ ಅದನ್ನು ಮುಳ್ಳಿಗೆ ಕೊಡುವುದಿಲ್ಲ. ಮದುವೆಯ ವಾರ್ಷಿಕದಂದು ಮಾತ್ರ.

ದಾವಣಗೆರೆಯ ಮಹನೀಯರೇ, ತಮ್ಮ ಇನ್ನೂರು ತಟ್ಟೆಗಳಲ್ಲಿ ತೀರ್ಥರೂಪರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದ ತಟ್ಟೆಯೊಂದು ಇದ್ದೇ ಇರಬೇಕು. ತಾವು ಅಂಗಡಿಗೆ ಹೋಗುವುದಾದರೆ ಹೋಗಿರಿ, ಬೇಡವೆನ್ನುವುದಿಲ್ಲ. ಆದರೆ ಈ ಪುಟವನ್ನು ಓದಿ ಮುಗಿಸಿದೊಡನೆ ಮೊದಲು ಮುಳ್ಳನ್ನು ಪರೀಕ್ಷಿಸಿರಿ. ಅದು ತೃಪ್ತಿಕರವಾಗಿ ಕಾಣುವವರೆಗೆ ಆ ಒಂದು ತಟ್ಟೆಯನ್ನು ದಯವಿಟ್ಟು ಹಾಕಬೇಡಿರಿ.